ಬಾಗಿಲು ತೆರೆದವರು ಯಾರು?

ಕನ್ನಡದ ‘ತೆರೆ’ ಎಂಬ ಕ್ರಿಯಾಪದಕ್ಕೆ ಒಂದು ವಿಶೇಷವಿದೆ. ‘ಅವನು ಬಾಗಿಲನ್ನು ತೆರೆದನು’ ಎನ್ನುತ್ತೇವೆ. ‘ಬಾಗಿಲು ತೆರೆಯಿತು’ ಎಂದೂ ಎನ್ನುತ್ತೇವೆ. ಮೊದಲನೆಯ ವಾಕ್ಯದಲ್ಲಿ ಕರ್ತೃ ಸ್ಪಷ್ಟವಾಗಿದ್ದಾನೆ. ಎರಡನೆಯದರಲ್ಲಿ ಬಾಗಿಲೇ ಕರ್ತೃವಿನ ಸ್ಥಾನದಲ್ಲಿ ಬಂದು ನಿಲ್ಲುವುದರಿಂದ, ಅದನ್ನು ತೆರೆದವರು ಯಾರೆಂಬ ಪ್ರಶ್ನೆಯೇ ಮರೆಯಾಗಿಬಿಡುತ್ತದೆ. ಮನೆಯ ಬಾಗಿಲಿನ ಮಟ್ಟಿಗೆ ಇದರಿಂದ ಹಾನಿಯೇನೂ ಇಲ್ಲ. ಗಾಳಿ ಬೀಸಿತು, ಬಾಗಿಲು ತೆರೆಯಿತು ಎಂದು ನಾವು ಎದ್ದು ಹೋಗಿ ಅಗುಳಿ ಹಾಕುತ್ತೇವೆ. ಆದರೆ ನೂರಾರು ಜನರನ್ನು ಹೊತ್ತು ಇಪ್ಪತ್ತು ಸಾವಿರ ಅಡಿಗಳಿಗಿಂತ ಎತ್ತರದಲ್ಲಿ ಹಾರುತ್ತಿರುವ ವಿಮಾನವೊಂದರ ಬಾಗಿಲು ತೆರೆಯಿತೆಂದರೆ, ಕರ್ತೃ ಯಾರೆಂಬ ಪ್ರಶ್ನೆ ವ್ಯಾಕರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದು ನ್ಯಾಯದ ಪ್ರಶ್ನೆಯಾಗುತ್ತದೆ. ಇಂಥ ಬಾಗಿಲುಗಳ ಇತಿಹಾಸವನ್ನು, ಅವುಗಳನ್ನು ಮುಚ್ಚಿ ತೆರೆಯುತ್ತಿದ್ದ ವಿದ್ಯುದ್ಯಂತ್ರಗಳ ಇತಿಹಾಸವನ್ನು ಈ ಭಾಷಣದಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ.

ವಿಮಾನದಲ್ಲಿ ಚಲಿಸುವ ಭಾಗಗಳು ಹಲವಾರು. ರೆಕ್ಕೆಯ ಅಂಚಿನ ಫಲಕಗಳು, ಬಾಲದ ಚುಕ್ಕಾಣಿ, ಒಳಗೆ ಮಡಚಿಕೊಳ್ಳುವ ಚಕ್ರಗಳು, ಸರಕಿನ ಕೋಣೆಯ ಬಾಗಿಲುಗಳು. ಇವನ್ನು ದೂಡುವ, ಎಳೆಯುವ, ತಿರುಗಿಸುವ ಸಾಧನಕ್ಕೆ ಎಂಜಿನಿಯರುಗಳು ಆಕ್ಚುಯೇಟರ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ಪ್ರೇರಣಾರ್ಥಕ ಪ್ರಕರಣದಲ್ಲಿ ಸೇರಿಸುತ್ತಿದ್ದರೇನೋ. ಮಾಡುವವನು ಒಬ್ಬ, ಮಾಡಿಸುವವನು ಇನ್ನೊಬ್ಬ. ವಿಮಾನ ಚಾಲಕ ಮಾಡಿಸುವವನು. ಮಾಡುವುದು ಈ ಯಂತ್ರ. ಇವರಿಬ್ಬರ ನಡುವೆ ಆಜ್ಞೆಯನ್ನು ಒಯ್ಯುವ ದೂತನೊಬ್ಬನಿರಬೇಕಷ್ಟೆ. ಆ ದೂತ ಯಾರೆಂಬುದರ ಮೇಲೆ ವಿಮಾನದ ಚರಿತ್ರೆಯನ್ನೇ ಯುಗಗಳಾಗಿ ವಿಂಗಡಿಸಬಹುದು.

ಮೊದಲ ಯುಗದಲ್ಲಿ ದೂತನೂ ಇರಲಿಲ್ಲ, ಯಂತ್ರವೂ ಇರಲಿಲ್ಲ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದಲ್ಲಿ ಚಾಲಕ ಬೋರಲು ಮಲಗಿ, ಸೊಂಟವನ್ನು ಅತ್ತಿತ್ತ ಸರಿಸಿ, ತಂತಿಗಳ ಮೂಲಕ ರೆಕ್ಕೆಯನ್ನೇ ತಿರುಚುತ್ತಿದ್ದ. ಅಲ್ಲಿ ಕೆಲಸವೆಲ್ಲ ಅವನ ತೋಳು ಸೊಂಟಗಳದ್ದೇ. ವಿಮಾನ ದೊಡ್ಡದಾದಂತೆ, ವೇಗ ಹೆಚ್ಚಿದಂತೆ, ಮನುಷ್ಯನ ಬಲ ಸಾಲದಾಯಿತು. ಆಗ ಕೊಳವೆಗಳಲ್ಲಿ ಅಧಿಕ ಒತ್ತಡದ ಎಣ್ಣೆಯನ್ನು ಹರಿಸಿ ಅದರ ಬಲದಿಂದ ಕೆಲಸ ಮಾಡಿಸುವ ಹೈಡ್ರಾಲಿಕ್ ಪದ್ಧತಿ ಬಂದಿತು. ಅದರ ಜೊತೆಜೊತೆಗೇ ವಿದ್ಯುತ್ತೂ ಬಂದಿತು. ಎರಡನೆಯ ಮಹಾಯುದ್ಧದ ಬಿ-29 ಬಾಂಬರಿನಲ್ಲಿ ಚಕ್ರಗಳನ್ನೂ ರೆಕ್ಕೆಯ ಫ್ಲಾಪುಗಳನ್ನೂ ವಿದ್ಯುತ್ ಮೋಟಾರುಗಳೇ ಚಲಿಸುತ್ತಿದ್ದವು. ಎಣ್ಣೆಯ ಕೊಳವೆಗಿಂತ ತಂತಿ ಹಗುರ. ಸೋರುವುದಿಲ್ಲ, ಒಯ್ಯುವುದು ಸುಲಭ. ಭಾರವೇ ಶತ್ರುವಾದ ವಿಮಾನದಲ್ಲಿ ಇದು ಸಣ್ಣ ಆಕರ್ಷಣೆಯಲ್ಲ.

ಇನ್ನು ಬಾಗಿಲಿಗೆ ಬರೋಣ. ಎತ್ತರಕ್ಕೆ ಹಾರುವ ವಿಮಾನದ ಒಳಗೆ ಜನರ ಉಸಿರಾಟಕ್ಕಾಗಿ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಹೊರಗಿನ ಗಾಳಿ ತೆಳು, ಒಳಗಿನದು ದಟ್ಟ. ಪೂರ್ಣ ಎತ್ತರದಲ್ಲಿ ಗೋಡೆಯ ಪ್ರತಿ ಚದರ ಅಂಗುಲದ ಮೇಲೂ ಎಂಟು ಪೌಂಡುಗಳಿಗೆ ಮಿಕ್ಕಿದ ಒತ್ತಡ ಒಳಗಿನಿಂದ ಹೊರಕ್ಕೆ ಬೀಳುತ್ತದೆ. ದೊಡ್ಡ ಬಾಗಿಲೊಂದರ ಮೇಲೆ ಇದು ಹತ್ತಾರು ಟನ್ನುಗಳಾಗುತ್ತದೆ. ಪ್ರಯಾಣಿಕರು ಹತ್ತುವ ಬಾಗಿಲು ಸಾಮಾನ್ಯವಾಗಿ ಸೀಸೆಗೆ ಒಳಗಿನಿಂದ ಹಾಕಿದ ಬಿರಡೆಯಂತೆ ಇರುತ್ತದೆ. ಒತ್ತಡ ಹೆಚ್ಚಿದಷ್ಟೂ ಅದು ಇನ್ನಷ್ಟು ಬಿಗಿಯಾಗುತ್ತದೆ. ಸರಕಿನ ಬಾಗಿಲಿಗೆ ಈ ಅನುಕೂಲವಿಲ್ಲ. ಒಳಗೆ ತೆರೆಯುವಂತೆ ಮಾಡಿದರೆ ಸರಕಿನ ಜಾಗ ವ್ಯರ್ಥವಾಗುತ್ತದೆಂದು ಅದನ್ನು ಹೊರಕ್ಕೆ ತೆರೆಯುವಂತೆ ಮಾಡಿದರು. ಆದುದರಿಂದ ಆ ಬಾಗಿಲನ್ನು ಹಿಡಿದಿಡುವುದು ಅದರ ಚಿಲಕವೊಂದೇ. ಚಿಲಕವನ್ನು ಹಾಕುವುದು ಒಂದು ಮೋಟಾರು. ನೂರಾರು ಜೀವಗಳು ಆ ಮೋಟಾರಿನ ಪ್ರಾಮಾಣಿಕತೆಯನ್ನು ನೆಚ್ಚಿಕೊಂಡಿರುತ್ತವೆ.

1970ರ ಸುಮಾರಿಗೆ ಅಮೆರಿಕದ ಮೆಕ್‌ಡೊನೆಲ್ ಡಗ್ಲಸ್ ಸಂಸ್ಥೆ ಡಿಸಿ-10 ಎಂಬ ದೊಡ್ಡ ವಿಮಾನವನ್ನು ನಿರ್ಮಿಸುತ್ತಿತ್ತು. ಅದರ ಒಡಲಿನ ಭಾಗಗಳನ್ನು, ಬಾಗಿಲುಗಳನ್ನೂ ಸೇರಿಸಿ, ರಚಿಸುವ ಕೆಲಸವನ್ನು ಕಾನ್‌ವೇರ್ ಎಂಬ ಮತ್ತೊಂದು ಸಂಸ್ಥೆಗೆ ವಹಿಸಲಾಗಿತ್ತು. ಮೊದಲ ಆಲೋಚನೆಯಂತೆ ಸರಕಿನ ಬಾಗಿಲಿನ ಚಿಲಕಗಳನ್ನು ಎಣ್ಣೆಯ ಒತ್ತಡದಿಂದ ಚಲಿಸಬೇಕಾಗಿತ್ತು. ಆಮೇಲೆ ಭಾರವೂ ಬಿಡಿಭಾಗಗಳೂ ಕಡಿಮೆಯಾಗುತ್ತವೆಂದು ವಿದ್ಯುತ್ ಮೋಟಾರುಗಳನ್ನು ಇಡುವಂತೆ ಡಗ್ಲಸ್ ಸೂಚಿಸಿತು. ಮೇಲ್ನೋಟಕ್ಕೆ ಇದು ಸುಧಾರಣೆಯೇ. ಆದರೆ ಎರಡರ ಸ್ವಭಾವದಲ್ಲಿ ಒಂದು ಸೂಕ್ಷ್ಮವಾದ ಅಂತರವಿತ್ತು. ಚಿಲಕ ಪೂರ್ಣವಾಗಿ ಬೀಳದೆ ನಡುವೆ ನಿಂತಿತೆನ್ನೋಣ. ಎಣ್ಣೆಯ ಪದ್ಧತಿಯಲ್ಲಾದರೆ, ವಿಮಾನ ಸ್ವಲ್ಪ ಏರುತ್ತಲೇ ಒಳಗಿನ ಗಾಳಿ ಚಿಲಕವನ್ನು ಹಿಂದಕ್ಕೆ ತಳ್ಳಿ ಬಾಗಿಲನ್ನು ತೆರೆದುಬಿಡುತ್ತದೆ. ಆಗಿನ್ನೂ ಒತ್ತಡ ಅಲ್ಪವಾಗಿರುವುದರಿಂದ ಅಪಾಯವೂ ಅಲ್ಪ. ವಿದ್ಯುತ್ ಮೋಟಾರಿಗೆ ಹಿಂದೆ ಸರಿಯುವ ಗುಣವಿಲ್ಲ. ಪ್ರವಾಹ ನಿಂತ ಕ್ಷಣದಲ್ಲಿ ಎಲ್ಲಿತ್ತೋ ಅಲ್ಲೇ ಬಿಗಿದು ನಿಲ್ಲುತ್ತದೆ. ಅರ್ಧ ಬಿದ್ದ ಚಿಲಕವನ್ನು ಅದು ಹಟದಿಂದ ಹಿಡಿದುಕೊಂಡೇ ಇರುತ್ತದೆ. ವಿಮಾನ ಸಾವಿರಾರು ಅಡಿ ಏರಿ, ಒತ್ತಡ ಹಲವು ಟನ್ನುಗಳಾದಾಗ, ಬೋಲ್ಟುಗಳು ಕಡಿದು ಬಾಗಿಲು ಸಿಡಿದುಹೋಗುತ್ತದೆ. ಬಾಗುವವನು ಬೇಗ ಸೋತು ಉಳಿಯುತ್ತಾನೆ, ಬಾಗದವನು ತಡವಾಗಿ ಸೋತು ಎಲ್ಲವನ್ನೂ ಕೆಡಿಸುತ್ತಾನೆ ಎಂಬ ಲೋಕಾನುಭವ ಯಂತ್ರಕ್ಕೂ ಸಲ್ಲುತ್ತದೆ.

ಮುನ್ನೆಚ್ಚರಿಕೆಗಳು ಇರಲಿಲ್ಲವೆಂದಲ್ಲ. 1970ರ ಮೇ ತಿಂಗಳಲ್ಲಿ ಮೊದಲ ಡಿಸಿ-10ಕ್ಕೆ ನೆಲದ ಮೇಲೆಯೇ ಗಾಳಿ ತುಂಬಿ ಪರೀಕ್ಷಿಸುವಾಗ ಸರಕಿನ ಬಾಗಿಲು ಸಿಡಿದು, ಪ್ರಯಾಣಿಕರ ಕೋಣೆಯ ನೆಲ ಕುಸಿಯಿತು. 1972ರ ಜೂನ್ 12ರಂದು ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ಡೆಟ್ರಾಯಿಟ್‌ನಿಂದ ಏರಿ, ಕೆನಡಾದ ವಿಂಡ್ಸರ್ ನಗರದ ಮೇಲೆ ಹನ್ನೆರಡು ಸಾವಿರ ಅಡಿಗಳನ್ನು ಸಮೀಪಿಸುತ್ತಿದ್ದಾಗ ಹಿಂಬದಿಯ ಸರಕಿನ ಬಾಗಿಲು ಕಿತ್ತುಹೋಯಿತು. ನೆಲ ಕುಸಿದು, ಅದರ ಅಡಿಯಲ್ಲಿ ಬಾಲದ ಕಡೆಗೆ ಹಾಯ್ದಿದ್ದ ನಿಯಂತ್ರಣದ ಕೇಬಲುಗಳು ಕೆಟ್ಟವು. ಅಂಥ ಸಂದರ್ಭದಲ್ಲಿ ಎಂಜಿನ್ನುಗಳ ಬಲವನ್ನೇ ಹೆಚ್ಚು ಕಡಿಮೆ ಮಾಡುತ್ತ ವಿಮಾನವನ್ನು ನಡೆಸುವ ಅಭ್ಯಾಸವನ್ನು ಕ್ಯಾಪ್ಟನ್ ಬ್ರೈಸ್ ಮೆಕಾರ್ಮಿಕ್ ಮೊದಲೇ ಮಾಡಿಕೊಂಡಿದ್ದ. ಆದಕಾರಣ 67 ಜನರೂ ಬದುಕಿ ಬಂದರು. ವಿಚಾರಣೆಯಲ್ಲಿ ತಿಳಿದುಬಂದದ್ದಿಷ್ಟು: ಮೋಟಾರು ಚಿಲಕಗಳನ್ನು ಪೂರ್ತಿ ತಳ್ಳಿರಲಿಲ್ಲ. ಅದಕ್ಕೆ ವಿದ್ಯುತ್ತನ್ನು ಒಯ್ಯುವ ತಂತಿಗಳನ್ನು ಸುಧಾರಿಸಬೇಕೆಂಬ ಸಲಹೆಯನ್ನು ತಯಾರಕರು ಮುಂಚೆಯೇ ಕೊಟ್ಟಿದ್ದರು. ಸಲಹೆ ಕಡ್ಡಾಯವಲ್ಲದ್ದರಿಂದ ಆ ವಿಮಾನದಲ್ಲಿ ಅದು ಜಾರಿಯಾಗಿರಲಿಲ್ಲ. ಬಾಗಿಲು ಮುಚ್ಚಿದ ಕೆಲಸಗಾರ, ಹಿಡಿ ಒಳಗೆ ಹೋಗದಿರಲು ಮೊಣಕಾಲು ಕೊಟ್ಟು ಅದುಮಿದ್ದ.

ಹದಿನೈದು ದಿನಗಳ ಮೇಲೆ, ಜೂನ್ 27ರಂದು, ಕಾನ್‌ವೇರ್‌ನ ಹಿರಿಯ ಎಂಜಿನಿಯರ್ ಡಾನ್ ಆಪಲ್‌ಗೇಟ್ ತನ್ನ ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಬರೆದ. ಎಣ್ಣೆಯಿಂದ ವಿದ್ಯುತ್ತಿಗೆ ಮಾಡಿದ ಬದಲಾವಣೆಯಿಂದ ಚಿಲಕದ ಸುರಕ್ಷತೆ ಮೂಲತಃ ತಗ್ಗಿತೆಂದೂ, ಮುಂದಿನ ವರ್ಷಗಳಲ್ಲಿ ಈ ಬಾಗಿಲುಗಳು ಮತ್ತೆ ತೆರೆಯುವುದು ನಿಶ್ಚಯವೆಂದೂ, ಆಗ ವಿಮಾನವೇ ನಾಶವಾಗುವ ಸಂಭವವಿದೆಯೆಂದೂ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದ. ಇದನ್ನು ಡಗ್ಲಸ್‌ನ ಗಮನಕ್ಕೆ ತಂದರೆ ದುರಸ್ತಿಯ ವೆಚ್ಚ ತಮ್ಮ ತಲೆಗೆ ಬರಬಹುದೆಂಬ ಅಂಜಿಕೆಯಿಂದ ಮೇಲಿನವರು ಟಿಪ್ಪಣಿಯನ್ನು ತಮ್ಮಲ್ಲೇ ಉಳಿಸಿಕೊಂಡರು. ಅತ್ತ ಅಮೆರಿಕದ ವಾಯುಯಾನ ಆಡಳಿತದ ಮುಖ್ಯಸ್ಥರೂ ಡಗ್ಲಸ್‌ನ ಅಧ್ಯಕ್ಷರೂ ದೂರವಾಣಿಯಲ್ಲಿ ಮಾತಾಡಿಕೊಂಡು, ಕಡ್ಡಾಯದ ಆಜ್ಞೆ ಬೇಡ, ಸಲಹಾಪತ್ರಗಳು ಸಾಕು ಎಂದು ‘ಸಭ್ಯರ ಒಪ್ಪಂದ’ಕ್ಕೆ ಬಂದರು.

ಆ ಸಭ್ಯತೆಗೆ ಬೆಲೆ ತೆತ್ತವರು ಬೇರೆಯವರು. 1974ರ ಮಾರ್ಚ್ 3ರಂದು ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ಪ್ಯಾರಿಸ್ಸಿನ ಓರ್ಲಿ ನಿಲ್ದಾಣದಿಂದ ಲಂಡನ್ನಿಗೆ ಹೊರಟು, ಕೆಲವೇ ನಿಮಿಷಗಳಲ್ಲಿ ಅದೇ ಬಗೆಯಾಗಿ ಬಾಗಿಲನ್ನು ಕಳೆದುಕೊಂಡಿತು. ಈ ಸಲ ಕೇಬಲುಗಳು ಪೂರ್ತಿ ಕಡಿದವು. ಎರ್ಮನೋನ್‌ವಿಲ್ ಅರಣ್ಯದಲ್ಲಿ ವಿಮಾನ ಅಪ್ಪಳಿಸಿ 346 ಜನರೂ ಮಡಿದರು. ವಿಂಡ್ಸರ್ ಘಟನೆಯ ಮೇಲೆ ಸೂಚಿಸಿದ್ದ ಒಂದು ಆಧಾರದ ತಗಡನ್ನು ಆ ವಿಮಾನಕ್ಕೆ ಹಾಕಿದ್ದಾಗಿದೆಯೆಂದು ಕಾರ್ಖಾನೆಯ ದಾಖಲೆಯಲ್ಲಿ ಬರೆದಿತ್ತು, ವಾಸ್ತವವಾಗಿ ಹಾಕಿರಲಿಲ್ಲ.

ಆದರೂ ಮೊದಲು ಬೆರಳು ತೋರಿದ್ದು ಬಾಗಿಲು ಮುಚ್ಚಿದ ಕೆಲಸಗಾರನತ್ತ. ಚಿಲಕ ಬಿದ್ದಿದೆಯೇ ಎಂದು ನೋಡಲು ಬಾಗಿಲಿನಲ್ಲಿ ಒಂದು ಪುಟ್ಟ ಗಾಜಿನ ಕಿಂಡಿಯನ್ನಿಟ್ಟಿದ್ದರು. ಏನನ್ನು ನೋಡಬೇಕೆಂಬ ಸೂಚನೆಯನ್ನು ಪಕ್ಕದಲ್ಲೇ ಬರೆದಿದ್ದರು. ಬರೆದದ್ದು ಇಂಗ್ಲಿಷಿನಲ್ಲಿ ಮತ್ತು ಟರ್ಕಿ ಭಾಷೆಯಲ್ಲಿ. ಅಲ್ಜೀರಿಯಾದಿಂದ ಬಂದಿದ್ದ ಆ ಕೆಲಸಗಾರ ಮೂರು ಭಾಷೆಗಳನ್ನು ಓದಿ ಬರೆಯಬಲ್ಲವನಾಗಿದ್ದ. ಆ ಮೂರರಲ್ಲಿ ಈ ಎರಡೂ ಇರಲಿಲ್ಲ. ಹಿಡಿ ಸಲೀಸಾಗಿ ಒಳಗೆ ಹೋಯಿತು, ತನಗೆ ಹೇಳಿಕೊಟ್ಟಂತೆ ಮಾಡಿದೆ ಎಂಬುದೇ ಅವನ ಉತ್ತರ. ಭಾಷೆಯನ್ನೇ ಜೀವನೋಪಾಯ ಮಾಡಿಕೊಂಡ ನನ್ನಂಥವರಿಗೆ ಈ ಸಂಗತಿ ಬಹಳ ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ಓದಬಾರದವನ ಕಣ್ಣ ಮುಂದೆ ಎಚ್ಚರಿಕೆಯನ್ನು ಬರೆದಿಟ್ಟು, ಎಚ್ಚರಿಸಿದ್ದೆವು ಎಂದು ಹೇಳಿಕೊಳ್ಳುವುದು ವಿಮಾನಯಾನದಲ್ಲಿ ಮಾತ್ರ ಕಾಣುವ ರೂಢಿಯಲ್ಲ.

ಡಿಸಿ-10ರ ಬಾಗಿಲನ್ನು ಅನಂತರ ಆಜ್ಞೆಯ ಮೂಲಕವೇ ತಿದ್ದಿಸಲಾಯಿತು. ಆದರೆ ಚಿಲಕದ ಕಥೆ ಅಷ್ಟಕ್ಕೆ ಮುಗಿಯಲಿಲ್ಲ. ಬೋಯಿಂಗ್ 747ರ ಸರಕಿನ ಬಾಗಿಲೂ ಹೊರಕ್ಕೆ ತೆರೆಯುವಂಥದೇ, ಅದರ ಚಿಲಕವನ್ನೂ ವಿದ್ಯುತ್ ಮೋಟಾರೇ ತಿರುಗಿಸುತ್ತದೆ. ಆದರೆ ಬೋಯಿಂಗ್‌ನ ಎಂಜಿನಿಯರುಗಳು ಹೆಚ್ಚು ಜಾಗರೂಕರಾಗಿದ್ದರು. ಮೋಟಾರು ತಿರುಗಿಸಿದ ಚಿಲಕಗಳ ಮೇಲೆ, ಕೈಯಿಂದ ಎಳೆಯುವ ಹಿಡಿಯೊಂದು ಅಡ್ಡಪಟ್ಟಿಗಳನ್ನು ತಂದು ನಿಲ್ಲಿಸುತ್ತದೆ. ಅದೇ ಹಿಡಿ ಒಂದು ಸ್ವಿಚ್ಚನ್ನು ಒತ್ತಿ ಮೋಟಾರಿಗೆ ಹೋಗುವ ವಿದ್ಯುತ್ತನ್ನೂ ಕಡಿಯುತ್ತದೆ. ಅಂದರೆ ಚಿಲಕಕ್ಕೆ ಇಬ್ಬರು ಕಾವಲುಗಾರರು: ಒಬ್ಬ ಲೋಹದವನು, ಒಬ್ಬ ವಿದ್ಯುತ್ತಿನವನು. ಒಬ್ಬ ಮೈಮರೆತರೂ ಮತ್ತೊಬ್ಬನಿದ್ದಾನೆ. ಆದರೆ ಲೋಹದ ಕಾವಲುಗಾರನನ್ನು ಮೃದುವಾದ ಅಲ್ಯೂಮಿನಿಯಮ್ಮಿನಿಂದ ಮಾಡಿದ್ದರು. ಮೋಟಾರು ಬಲವಾಗಿ ತಳ್ಳಿದರೆ ಆ ಪಟ್ಟಿಗಳು ಬಾಗುತ್ತಿದ್ದವು. ಮೊದಲನೆಯವನ ಬಲ ಎಷ್ಟೆಂಬುದು ಎರಡನೆಯವನು ತಪ್ಪುವವರೆಗೆ ತಿಳಿಯುವಂತಿರಲಿಲ್ಲ.

1987ರ ಮಾರ್ಚ್ 10ರಂದು ಪ್ಯಾನ್ ಆಮ್ ಸಂಸ್ಥೆಯ 747 ಲಂಡನ್ನಿನಿಂದ ಏರುವಾಗ ಇಪ್ಪತ್ತು ಸಾವಿರ ಅಡಿಯ ಸುಮಾರಿನಲ್ಲಿ ಒಳಗಿನ ಗಾಳಿ ನಿಲ್ಲದೆ ಹಿಂದಿರುಗಿತು. ಇಳಿದು ನೋಡಿದರೆ ಸರಕಿನ ಬಾಗಿಲಿನ ಕೆಳ ಅಂಚು ಒಂದೂವರೆ ಅಂಗುಲದಷ್ಟು ತೆರೆದಿತ್ತು. ಹಿಡಿ ಮಾತ್ರ ಮುಚ್ಚಿದ ಸ್ಥಿತಿಯಲ್ಲೇ ಇತ್ತು. ಅಡ್ಡಪಟ್ಟಿಗಳ ದೌರ್ಬಲ್ಯ ಬಯಲಾಯಿತು. ಉಕ್ಕಿನಿಂದ ಅವುಗಳನ್ನು ಬಲಪಡಿಸಬೇಕೆಂದು 1988ರಲ್ಲಿ ಆಜ್ಞೆಯೂ ಹೊರಟಿತು. ಆದರೆ ಅದನ್ನು ಪಾಲಿಸಲು ವಿಮಾನ ಸಂಸ್ಥೆಗಳಿಗೆ 18ರಿಂದ 24 ತಿಂಗಳ ಅವಕಾಶವನ್ನು ಕೊಟ್ಟರು.

ಆ ಅವಧಿ ಮುಗಿಯುವ ಮೊದಲೇ, 1989ರ ಫೆಬ್ರುವರಿ 24ರ ರಾತ್ರಿ ಕಳೆದು ಎರಡು ಗಂಟೆಯಾಗುವುದರೊಳಗೆ, ಯುನೈಟೆಡ್ ಏರ್‌ಲೈನ್ಸ್‌ನ 811ನೆಯ ಸಂಖ್ಯೆಯ 747 ವಿಮಾನ ಹವಾಯಿಯ ಹೊನೊಲುಲುವಿನಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೊರಟಿತು. ಒಳಗೆ 355 ಜನ. ಇಪ್ಪತ್ತೆರಡು ಸಾವಿರ ಅಡಿಗಳನ್ನು ದಾಟುತ್ತಿರುವಾಗ ಮುಂಭಾಗದ ಸರಕಿನ ಬಾಗಿಲು ಕಿತ್ತು ಹಾರಿ, ತನ್ನೊಡನೆ ವಿಮಾನದ ಬಲಗೋಡೆಯ ದೊಡ್ಡ ಭಾಗವನ್ನೇ ಸೀಳಿಕೊಂಡು ಹೋಯಿತು. ಒಂಬತ್ತು ಪ್ರಯಾಣಿಕರು ಪೆಸಿಫಿಕ್ ಸಾಗರದ ಮೇಲಿನ ಕತ್ತಲೆಗೆ ಸೆಳೆಯಲ್ಪಟ್ಟರು. ಹಾರಿದ ಚೂರುಗಳಿಂದ ಬಲಗಡೆಯ ಎರಡೂ ಎಂಜಿನ್ನುಗಳು ಕೆಟ್ಟವು. ಅರುವತ್ತರ ಹೊಸ್ತಿಲಿನಲ್ಲಿದ್ದು ನಿವೃತ್ತಿಯನ್ನು ಸಮೀಪಿಸಿದ್ದ ಕ್ಯಾಪ್ಟನ್ ಡೇವಿಡ್ ಕ್ರೋನಿನ್, ಉಳಿದೆರಡು ಎಂಜಿನ್ನುಗಳಲ್ಲಿ, ಭಾರವಾದ ವಿಮಾನವನ್ನು ಹಿಂದಕ್ಕೆ ತಿರುಗಿಸಿ, 2 ಗಂಟೆ 34 ನಿಮಿಷಕ್ಕೆ ಹೊನೊಲುಲುವಿನಲ್ಲಿ ಇಳಿಸಿದ. ಮಿಕ್ಕ 346 ಜನ ಉಳಿದರು. ಪ್ಯಾರಿಸ್ಸಿನ ಬಳಿ ಅಳಿದವರ ಸಂಖ್ಯೆಯೂ ಇದೇ ಎಂಬುದು ಕಾಕತಾಳೀಯ; ಆದರೆ ಗಮನಿಸದೆ ಇರಲಾಗುವುದಿಲ್ಲ.

ತೆರೆದವರು ಯಾರು? ಬಾಗಿಲು ಸಮುದ್ರದ ತಳದಲ್ಲಿತ್ತು. ಸಾಕ್ಷ್ಯವೇ ಇಲ್ಲದ ಸ್ಥಿತಿಯಲ್ಲಿ 1990ರ ಏಪ್ರಿಲ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ತನ್ನ ವರದಿಯನ್ನು ಪ್ರಕಟಿಸಿತು. ಚಿಲಕದ ರಚನೆಯಲ್ಲಿ ದೋಷವಿದೆ, ಬಳಕೆಯಲ್ಲಿ ಅದು ಜಖಂಗೊಂಡಿತ್ತು, ಸಂಸ್ಥೆಯ ನಿರ್ವಹಣೆ ಸಾಲದು, ಬಾಗಿಲಿಗೆ ಚಿಲಕ ಸರಿಯಾಗಿ ಬಿದ್ದಿರಲಿಲ್ಲ ಎಂಬುದು ಅದರ ಸಾರ. ಒಟ್ಟಿನಲ್ಲಿ ದೋಷದ ಭಾರ ಮನುಷ್ಯರ ಕೈಗಳ ಕಡೆಗೆ ವಾಲಿತ್ತು.

ಮಡಿದ ಒಂಬತ್ತು ಮಂದಿಯಲ್ಲಿ ಒಬ್ಬ ನ್ಯೂಜಿಲೆಂಡಿನ ತರುಣ. ಅವನ ತಂದೆತಾಯಿಗಳು ಶೋಕದಲ್ಲಿ ಮನೆಯೊಳಗೆ ಕುಳಿತುಕೊಳ್ಳಲಿಲ್ಲ. ಅಮೆರಿಕಕ್ಕೆ ಹೋಗಿ ವಿಚಾರಣೆಯ ಕಾಗದಪತ್ರಗಳನ್ನು ಸಂಪಾದಿಸಿದರು, ಓದಿದರು, ಚಿಲಕದ ಮಾದರಿಯನ್ನು ಮಾಡಿ ತಿರುಗಿಸಿ ನೋಡಿದರು. ಚಿಲಕ ಸರಿಯಾಗಿಯೇ ಬಿದ್ದಿತ್ತು, ಆಮೇಲೆ ವಿದ್ಯುತ್ತಿನ ದೋಷದಿಂದ ಮೋಟಾರು ತಾನಾಗಿಯೇ ಅದನ್ನು ಹಿಂದಕ್ಕೆ ತಿರುಗಿಸಿತು ಎಂಬ ತೀರ್ಮಾನಕ್ಕೆ ಬಂದು ಅದನ್ನೇ ವಾದಿಸತೊಡಗಿದರು. ಅವರ ವಾದಕ್ಕೆ ಸಾಕ್ಷಿಗಳು ಒಂದೊಂದಾಗಿ ದೊರೆತವು. 1990ರ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಅಮೆರಿಕದ ನೌಕಾಪಡೆ ಸಾಗರದ ಹದಿನಾಲ್ಕು ಸಾವಿರ ಅಡಿಗಳ ಆಳದಿಂದ ಬಾಗಿಲಿನ ಎರಡು ತುಂಡುಗಳನ್ನು ಮೇಲೆತ್ತಿತು. 1991ರ ಜೂನ್‌ನಲ್ಲಿ ನ್ಯೂಯಾರ್ಕಿನ ನಿಲ್ದಾಣದಲ್ಲಿ ನಿಂತಿದ್ದ ಮತ್ತೊಂದು 747ರ ಬಾಗಿಲು, ವಿದ್ಯುತ್ತಿನ ತೊಂದರೆಯೊಂದನ್ನು ಹುಡುಕುತ್ತಿದ್ದ ಕೆಲಸಗಾರರ ಎದುರಿನಲ್ಲಿಯೇ, ಯಾರೂ ಆಜ್ಞಾಪಿಸದೆ ತೆರೆದುಕೊಂಡಿತು; ಪರೀಕ್ಷಿಸಿದಾಗ ತಂತಿಗಳ ಹೊದಿಕೆ ಸವೆದಿರುವುದು ಕಂಡಿತು.

ಸಾಗರದಿಂದ ಬಂದ ಅಡ್ಡಪಟ್ಟಿಗಳ ಮೇಲಿನ ಗಾಯಗಳು ಅದನ್ನೇ ನುಡಿದವು. ಚಿಲಕಗಳು ಬಿದ್ದಿದ್ದವು, ಪಟ್ಟಿಗಳು ಅಡ್ಡ ನಿಂತಿದ್ದವು. ಆ ಮೇಲೆ ಚಿಲಕಗಳು ಪಟ್ಟಿಗಳನ್ನು ಬಗ್ಗಿಸಿಕೊಂಡು ಹಿಂದಕ್ಕೆ ತಿರುಗಿದ್ದವು. 1992ರ ಮಾರ್ಚ್‌ನಲ್ಲಿ ಮಂಡಳಿ ತನ್ನ ತೀರ್ಮಾನವನ್ನು ಬದಲಿಸಿ ಎರಡನೆಯ ವರದಿಯನ್ನು ಹೊರಡಿಸಿತು. ಕೆಟ್ಟ ಸ್ವಿಚ್ಚು ಇಲ್ಲವೆ ತಂತಿಯ ದೋಷದಿಂದ, ಬಾಗಿಲು ಮುಚ್ಚಿದ ಮೇಲೆ, ವಿಮಾನ ಏರುವುದಕ್ಕೆ ಮೊದಲು, ಮೋಟಾರು ಚಿಲಕವನ್ನು ತೆರೆಯುವ ಕಡೆಗೆ ತಿರುಗಿಸಿತು ಎಂದು ಅದು ಸಾರಿತು. ಹಿಂದಿನ ಘಟನೆಯಿಂದ ಪಾಠ ಕಲಿಯಲು ಬೋಯಿಂಗ್ ಸಂಸ್ಥೆಯೂ ವಾಯುಯಾನ ಆಡಳಿತವೂ ತಡಮಾಡಿದವೆಂಬ ಮಾತನ್ನೂ ಸೇರಿಸಿತು. ಉಕ್ಕಿನ ದುರಸ್ತಿಗೆ ಕೊಟ್ಟಿದ್ದ ತಿಂಗಳುಗಳ ಅವಧಿಯಾದರೋ, ಅಪಘಾತವಾಗುತ್ತಲೇ 30 ದಿನಗಳಿಗೆ ಇಳಿದಿತ್ತು. ಮೂವತ್ತು ದಿನಗಳಲ್ಲಿ ಆಗಬಹುದಾದ ಕೆಲಸಕ್ಕೆ ಎರಡು ವರ್ಷ ಬೇಕೆಂದು ಮೊದಲು ಎಣಿಸಿದವರಿಗೆ ಒಂಬತ್ತು ಜೀವಗಳ ಲೆಕ್ಕ ಇನ್ನೂ ಬಂದಿರಲಿಲ್ಲ.

ಈ ಎರಡು ಬಾಗಿಲುಗಳು ವಿದ್ಯುದ್ಯಂತ್ರದ ಎರಡು ದೋಷಗಳಿಗೆ ನಿದರ್ಶನಗಳು. ಹೇಳಿದ್ದನ್ನು ಪೂರ್ತಿ ಮಾಡದಿರುವುದು ಒಂದು. ಹೇಳದೆ ಮಾಡುವುದು ಇನ್ನೊಂದು. ಮೂರನೆಯದೂ ಇದೆ: ತಪ್ಪು ಆಜ್ಞೆಯನ್ನು ತಪ್ಪಿಲ್ಲದೆ ನೆರವೇರಿಸುವುದು. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿಯೂ 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿಯೂ ಬಿದ್ದ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ ಬಾಲದ ಫಲಕವನ್ನು ತಿರುಗಿಸುವ ವಿದ್ಯುತ್ ಮೋಟಾರು ಕೆಟ್ಟಿರಲಿಲ್ಲ. ಒಂದೇ ಒಂದು ಅಳತೆಯ ಸಾಧನ ಕೊಟ್ಟ ಸುಳ್ಳು ಸುದ್ದಿಯನ್ನು ನಂಬಿದ ಗಣಕ ಯಂತ್ರ ಮೂತಿಯನ್ನು ಕೆಳಗಿಳಿಸೆಂದು ಆಜ್ಞಾಪಿಸಿತು. ಮೋಟಾರು ನಿಷ್ಠೆಯಿಂದ ಇಳಿಸಿತು. ಚಾಲಕರು ಎತ್ತಿದಷ್ಟೂ ಮತ್ತೆ ಇಳಿಸಿತು. ಎರಡು ವಿಮಾನಗಳಲ್ಲಿ ಸತ್ತವರು 189 ಮತ್ತು 157. ಇನ್ನು 2000ದ ಜನವರಿ 31ರಂದು ಕ್ಯಾಲಿಫೋರ್ನಿಯಾದ ತೀರದಾಚೆ ಬಿದ್ದ ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನದಲ್ಲಿ ಮೋಟಾರೂ ಸರಿ, ಆಜ್ಞೆಯೂ ಸರಿ. ಮೋಟಾರು ತಿರುಗಿಸಬೇಕಾದ ತಿರುಪಿಗೆ ಸಾಕಷ್ಟು ಜಿಡ್ಡು ಹಾಕದೆ ಅದರ ಮರೆಗಳು ಸವೆದುಹೋಗಿದ್ದವು. 88 ಜನ ಹೋದರು.

ಹಾಗಾದರೆ ವಿದ್ಯುತ್ತನ್ನು ಬಿಟ್ಟು ಎಣ್ಣೆಗೇ ಹಿಂದಿರುಗಬೇಕೆ? ಎಣ್ಣೆಯೂ ನಿರ್ದೋಷಿಯಲ್ಲ. 1985ರ ಆಗಸ್ಟ್ 12ರಂದು ಜಪಾನಿನ 747 ಒಂದರಲ್ಲಿ ಒತ್ತಡ ತಡೆಯುವ ಹಿಂಗೋಡೆ ಒಡೆದು, ನಾಲ್ಕೂ ಎಣ್ಣೆಯ ಜಾಲಗಳು ಒಂದೇ ಏಟಿಗೆ ಬರಿದಾಗಿ, 520 ಜನ ಸತ್ತರು. ನಾಲ್ಕು ಜಾಲಗಳೂ ಒಂದೇ ಜಾತಿಯವಾಗಿ ಒಂದೇ ದಾರಿಯಲ್ಲಿ ಹಾಯ್ದರೆ ನಾಲ್ಕಿದ್ದೂ ಒಂದೇ ಎಂಬುದು ಆಗ ಮನವರಿಕೆಯಾಯಿತು. 2005ರಲ್ಲಿ ಮೊದಲು ಹಾರಿದ ಏರ್‌ಬಸ್ ಎ-380ರಲ್ಲಿ ಆದ್ದರಿಂದಲೇ ಎರಡು ಎಣ್ಣೆಯ ಜಾಲಗಳನ್ನೂ ಎರಡು ವಿದ್ಯುತ್ ಜಾಲಗಳನ್ನೂ ಇಟ್ಟರು. ಒಂದು ಜಾತಿಗೆ ಬಂದ ಕೇಡು ಇನ್ನೊಂದಕ್ಕೆ ಅಂಟದಿರಲೆಂದು. ಅಲ್ಲಿ ಬಳಸಿದ ಉಪಾಯವೂ ಸ್ವಾರಸ್ಯವಾದದ್ದು. ಮೋಟಾರು ನೇರವಾಗಿ ತಿರುಪನ್ನು ತಿರುಗಿಸಿದರೆ, ಆ ತಿರುಪು ಎಂದಾದರೂ ಸಿಕ್ಕಿಕೊಂಡು ಫಲಕವನ್ನು ಅಲ್ಲಾಡದಂತೆ ಹಿಡಿದುಬಿಡಬಹುದು. ಜೊತೆಗಾರ ಯಂತ್ರವಿದ್ದರೂ ಆಗ ಪ್ರಯೋಜನವಿಲ್ಲ. ಅದಕ್ಕಾಗಿ ಮೋಟಾರಿಗೆ ತನ್ನದೇ ಪುಟ್ಟ ಪಂಪನ್ನೂ ಒಂದಿಷ್ಟು ಎಣ್ಣೆಯನ್ನೂ ಕೊಟ್ಟರು. ತಂತಿ ಶಕ್ತಿಯನ್ನು ಒಯ್ಯುತ್ತದೆ, ಎಣ್ಣೆ ದೂಡುತ್ತದೆ. ಕೆಟ್ಟಾಗ ಎಣ್ಣೆ ಪಕ್ಕದ ದಾರಿಯಲ್ಲಿ ಹರಿದು, ಜೊತೆಗಾರನಿಗೆ ಅಡ್ಡಬಾರದೆ ಸಡಿಲಾಗುತ್ತದೆ. ಡಿಸಿ-10ರ ಬಾಗಿಲಿನಲ್ಲಿ ಕಳೆದುಹೋಗಿದ್ದ ‘ಬಾಗುವ ಗುಣ’ ಹೀಗೆ ಬೇರೊಂದು ರೂಪದಲ್ಲಿ ಹಿಂದಿರುಗಿತು.

ಸರ್ವನಾಶ ತರಬಲ್ಲ ದೋಷ ಇಂದಿನ ದೊಡ್ಡ ವಿಮಾನಗಳಲ್ಲಿ ನೂರು ಕೋಟಿ ಗಂಟೆಗಳ ಹಾರಾಟಕ್ಕೆ ಒಂದು ಸಲಕ್ಕಿಂತ ವಿರಳವಾಗಿರಬೇಕೆಂಬುದು ನಿರ್ಮಾಣದ ನಿಯಮ. ಲೆಕ್ಕದ ಹಾಳೆಯ ಮೇಲೆ ಇದನ್ನು ಸಾಧಿಸಿ ತೋರಿಸುತ್ತಾರೆ. ವಿಮಾನಯಾನ ಇಂದು ಇಷ್ಟು ಸುರಕ್ಷಿತವಾಗಿರುವುದಕ್ಕೆ ಆ ಲೆಕ್ಕವೂ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡು ಕಾವಲುಗಳು ಪರಸ್ಪರ ಸ್ವತಂತ್ರವಾಗಿವೆ, ಎರಡೂ ಗಟ್ಟಿಯಾಗಿವೆ ಎಂದು ನಂಬಿದ ಮೇಲಷ್ಟೇ ಆ ಲೆಕ್ಕ ನಡೆಯುತ್ತದೆ. ಅಲ್ಯೂಮಿನಿಯಮ್ಮಿನ ಪಟ್ಟಿ, ಓದಲಾಗದ ಸೂಚನೆ, ಹಾಕದ ತಗಡಿಗೆ ಹಾಕಿದ ಮೊಹರು, ಕಡತದಲ್ಲಿ ಉಳಿದ ಟಿಪ್ಪಣಿ, ಇವು ಯಾವ ಲೆಕ್ಕದಲ್ಲೂ ಸೇರಿರಲಿಲ್ಲ.

ಯಂತ್ರ ಕೆಟ್ಟಾಗ ನಮ್ಮ ಕಣ್ಣು ಮೊದಲು ಅದನ್ನು ಮುಟ್ಟಿದ ಕೊನೆಯ ಕೈಯನ್ನು ಹುಡುಕುತ್ತದೆ. ಆ ಕೈ ಸಾಮಾನ್ಯವಾಗಿ ಬಡವನದು, ರಾತ್ರಿಪಾಳಿಯದು, ಉತ್ತರ ಹೇಳುವ ಭಾಷೆಯಿಲ್ಲದವನದು. ಕರ್ತೃವನ್ನು ಸರಿಯಾಗಿ ಗುರುತಿಸುವುದು ವ್ಯಾಕರಣದ ಮೊದಲ ಪಾಠವೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಎಷ್ಟು ಕಷ್ಟದ ಪಾಠವೆಂಬುದನ್ನು, ಮಗನನ್ನು ಕಳೆದುಕೊಂಡ ದಂಪತಿಗಳು ಮೂರು ವರ್ಷ ಹೋರಾಡಿ, ಹದಿನಾಲ್ಕು ಸಾವಿರ ಅಡಿ ನೀರಿನ ಕೆಳಗಿನಿಂದ ಬಂದ ಸಾಕ್ಷ್ಯದ ಬೆಂಬಲದಿಂದ ಲೋಕಕ್ಕೆ ತೋರಿಸಿಕೊಟ್ಟರು.